ಏಳನೆಯ ಗುಂಡಿ

ಗುಂಡಿ ಅಂದರೆ ಅಂಗಿಯದು.
ಗುಂಡಿ ಅಂದರೆ ಒತ್ತುವುದು.
ಗುಂಡಿ ಅಂದರೆ ಸಾಂಗೆಯ ಆಚೆ
ಗುಡ್ಡವಿದ್ದ ಜಾಗದಲ್ಲಿ ಈಗ ಇರುವುದು.
ಮೂರರ ಅನ್ನವನ್ನೂ ನಮ್ಮ ಮನೆ ಉಂಡಿದೆ.

ಅವ್ವ ಬೈನಾದ ದರ್ಜಿ ಅಂಗಡಿಗೆ
ಕಾಜಾ ಹೊಲೆದು ಗುಂಡಿ ಹಚ್ಚುತ್ತಿದ್ದಳು,
ಡಜನಿನ ಲೆಕ್ಕ.
"ಗುಂಡಿ ಯಾರ್ ಬೇಕಾದ್ರೂ ಹಚ್ತಾರ,
ಅದರ ಕುತ್ತಿಗಿಗೆ ದಾರ ಸುತ್ತೂದರಾಗ ಐತಿ" ಅನ್ನುತ್ತಿದ್ದಳು.

ನಾನು ವಾಸ್ಕೋದ ಬಾರ್ಜ್ ಕಂಪನಿಯಲ್ಲಿ,
ಬೇಕರಿಯ ಮೇಲಿನ ಮಹಡಿ, ಅದಿರಿನ ಖೇಪುಗಳ ಲೆಕ್ಕ:
ತಾರೀಖು, ಬಾರ್ಜು, ಸಾವರ್ಡೆಯಲ್ಲಿ ತುಂಬಿದ್ದೆಷ್ಟು,
ಬಂದರಿನಲ್ಲಿ ಇಳಿದದ್ದೆಷ್ಟು, ತೇವ ಶೇಕಡಾ ಎಷ್ಟು.
ದಿನಕ್ಕೆ ಮುನ್ನೂರು ಸಲ ಅದೇ ಕತ್ತರಿಸು, ಅದೇ ಅಂಟಿಸು.

ಮೊದಲು ರೆಕಾರ್ಡರ್ ಹಾಕಿ ಕಲಿತೆ.
ಅದು ಪ್ರಾಮಾಣಿಕ ಪ್ರಾಣಿ.
ನಾನು ತಪ್ಪು ಸಾಲಿಗೆ ಹೋದದ್ದು, ವಾಪಸು ಬಂದದ್ದು,
ಎಲ್ಲ ಬರೆದುಕೊಂಡಿತು, ನಾಲಿಗೆ ಕಚ್ಚಿಕೊಂಡದ್ದೊಂದು ಬಿಟ್ಟು.
ಆಮೇಲೆ ಎಷ್ಟು ಸಲ ಓಡಿಸಿದರೂ
ಆ ಮಂಗಳವಾರದ ತಪ್ಪನ್ನು ಮತ್ತೆ ಮಾಡಿ
ಮತ್ತೆ ತಿದ್ದಿಕೊಳ್ಳುತ್ತಿತ್ತು.
ಹಾಗಾಗಿ ಕೈಯಲ್ಲೇ ಬರೆದೆ:
ಇದ್ದರೆ, ಇಲ್ಲದಿದ್ದರೆ, ಮುಗಿಯುವ ತನಕ.

ಆಮೇಲೆ ಟೂಲ್‌ಬಾರ್. ಖಾಲಿ ಪಟ್ಟಿ,
ಹೊಲಿಗೆ ಮುಗಿಯದ ಅಂಗಿಯ ಎದೆಯ ಹಾಗೆ.
ಆರು ಗುಂಡಿ ಹಚ್ಚಿದೆ.
ತೇವಕ್ಕೆ ಹನಿ, ಬಿಲ್ಲಿಗೆ ರೂಪಾಯಿ;
ಖೇಪಿಗೆ ಸಿದ್ಧ ಚಿತ್ರ ಸಿಗದೆ
ಅಡ್ಡ ಹದಿನಾರು ಚುಕ್ಕೆ, ಉದ್ದ ಹದಿನಾರು ಚುಕ್ಕೆ
ಎಣಿಸಿ ಬಣ್ಣ ತುಂಬಿ
ನಾನೇ ಬರೆದೆ ಒಂದು ಬಾರ್ಜು.
ಒಂದೊಂದು ಗುಂಡಿಯ ಹಿಂದೆ ಒಂದೊಂದು ಹೆಸರು ಕಟ್ಟಬೇಕು.
ಹೆಸರು ಬದಲಾದರೆ ದಾರ ಕಡಿದಂತೆ,
ಒತ್ತಿದರೆ ಒತ್ತಿಸಿಕೊಳ್ಳುತ್ತದೆ, ಅಷ್ಟೆ.

ತಾಂಡೇಲ ಕಾಯ್ತಾನ್ ಚೀಟಿ ಕೊಡಲು ಬಂದವನು
ಪರದೆಗೆ ಮೂಗು ತಾಗಿಸಿ
"ಅರೆ, ಹಿ ಮ್ಹಜಿ ಬಾರ್ಜ್!" ಎಂದ.
ಹದಿನೆಂಟು ಬಾರ್ಜುಗಳಿಗೂ ಅದೇ ಚಿತ್ರವೆಂದು
ನಾನು ಹೇಳಲಿಲ್ಲ.

ಕಡತ ತೆರೆದಾಗಲೆಲ್ಲ ಯಂತ್ರ ಕೇಳುತ್ತದೆ:
ಇದರಲ್ಲಿ ಮ್ಯಾಕ್ರೋ ಇದೆ. ಬರೆದವರನ್ನು ನಂಬುತ್ತೀರಾ?
ಬರೆದವಳು ನಾನೇ.
ಆದರೂ ಒಂದು ಕ್ಷಣ ಯೋಚಿಸುತ್ತೇನೆ.

ಒಂದು ಸೆಪ್ಟೆಂಬರಿನಲ್ಲಿ ಗಣಿ ನಿಂತಿತು.
ಗುಡ್ಡದ ಗುಂಡಿಗಳಲ್ಲಿ ಹಸಿರು ನೀರು ನಿಂತಿತು.
ಬಾರ್ಜುಗಳು ಜುವಾರಿಯ ಕೆಸರಿಗೆ ಒರಗಿದವು.
ತಿಂಗಳ ಕೊನೆಗೆ, ಅಭ್ಯಾಸಬಲ, ವರದಿಯ ಗುಂಡಿ ಒತ್ತಿದೆ.
ಓಡಿತು. ಗೆರೆ ಎಳೆಯಿತು, ತಲೆಬರಹ ದಪ್ಪ ಮಾಡಿತು,
ಒಟ್ಟು: ಸೊನ್ನೆ ಬಿಂದು ಸೊನ್ನೆ ಸೊನ್ನೆ.
ಕೆಳಗೆ ಸಹಿಗೆ ಜಾಗ ಬಿಟ್ಟಿತು.
ಕಾಜಾ ಇಲ್ಲದ ಗುಂಡಿ.

ಮಾರ್ಚಿನಲ್ಲಿ ಕಾಯ್ತಾನ್ ಬಂದ.
ಬಾಕಿಯ ಅರ್ಜಿಗೆ ಅವನ ಖೇಪುಗಳ ಪಟ್ಟಿ ಬೇಕಂತೆ,
ಹನ್ನೊಂದು ವರ್ಷದ್ದು.
ಅವನು ಬೆಂಚಿನಲ್ಲಿ ಕೂತಿರುವಾಗಲೇ ಏಳನೆಯದನ್ನು ಹಚ್ಚಿದೆ:
ಹೆಸರು ಕೊಟ್ಟರೆ ಅವನ ಸಾಲುಗಳನ್ನಷ್ಟೇ ಹೆಕ್ಕಿ ತರುವುದು.
ಒತ್ತಿದೆ. ಸಾವಿರದ ಆರುನೂರ ಹನ್ನೆರಡು ಖೇಪು.
ನಾಲ್ಕು ಸೆಕೆಂಡು.

"ಆಯಿತಾ?"
ಆಯಿತು.
"ಇಷ್ಟೇನಾ."

ಕೋಡಿನೊಳಗೆ ಹೋಗಿ, ಸುತ್ತು ತಿರುಗುವ ಕಡೆ
ಒಂದು ಸಾಲು ಸೇರಿಸಿದೆ: ವೇಟ್ ಐನೂರು.
ಖೇಪಿಗೆ ಅರ್ಧ ಸೆಕೆಂಡು ನಿಲ್ಲು.
ಮತ್ತೆ ಒತ್ತಿದೆ.

ಸಾಲುಗಳು ಭರತ ಕಾದು ಒಂದೊಂದೇ ಬಂದವು.
ಅವನು ಕುರ್ಚಿ ಎಳೆದುಕೊಂಡ.
ಇದು ಎಂಜಿನು ಕೆಟ್ಟು ಸೇತುವೆಯ ಕಂಬಕ್ಕೆ ತಾಗಿದ ದಿನ.
ಇದು ಮಂಜು.
ಈ ವಾರ ನಾನಲ್ಲ, ನನ್ನ ಹೆಸರಲ್ಲಿ ತಮ್ಮ ಮಿಂಗೆಲ್
(ಇದನ್ನು ನಾನು ಕೇಳಿಸಿಕೊಳ್ಳಲಿಲ್ಲ).
ಇದು ಮಗಳು ಹುಟ್ಟಿದ ರಾತ್ರಿ. ತೇವ, ಒಂಬತ್ತು ಶೇಕಡಾ.
ಹದಿಮೂರು ನಿಮಿಷ. ಕೆಳಗೆ
ಸಂಜೆಯ ಪಾವು ಒಲೆಯಿಂದ ಹೊರಬಂತು.

ಏಳನೆಯ ಗುಂಡಿ ಯಾಕೋ ಬಹಳ ನಿಧಾನ, ಸರಿಮಾಡು ಎಂದು
ಮ್ಯಾನೇಜರ್ ಪ್ರಭುದೇಸಾಯಿ ಎರಡು ಸಲ ಹೇಳಿದ್ದಾರೆ.
ನೋಡುತ್ತೇನೆ ಸರ್, ಅಂದಿದ್ದೇನೆ.