ಪುಟ ಆರು, ಆಲೂಗಡ್ಡೆಯ ಕೆಳಗೆ

ಗ್ರಂಥಾಲಯದ ನೆಲಮಾಳಿಗೆ, ಬಾಯ್ಲರಿನ ಪಕ್ಕ.
ನಲವತ್ತೆರಡು ಮರದ ಡ್ರಾಯರುಗಳಲ್ಲಿ
ನಮ್ಮೂರು ಸತ್ತು ಮಲಗಿದೆ, ಅಕಾರಾದಿಯಾಗಿ.

ಚೀಟಿಗಳನ್ನೆಲ್ಲ ಮಾಡಿದವಳು ಮಿಸ್ ಹೆಟ್ಟಿ ಬೆವನ್.
ಹತ್ತೊಂಬತ್ತು ವರ್ಷ, ಮಂಗಳವಾರ ಮತ್ತು ಗುರುವಾರ,
ಸಂಜೆಪತ್ರಿಕೆಯ ಹಳೆಯ ಕಟ್ಟು ಬಿಚ್ಚಿ
ತಲೆಗೊಂದು ಚೀಟಿ: ಹೆಸರು, ತಾರೀಖು, ಪುಟ, ಕಾಲಂ.
ಅವಳ ಟೈಪ್‌ರೈಟರಿನ ಸೊನ್ನೆ ಮಹಾ ಹರಿತ,
ಹೊಡೆದಲ್ಲೆಲ್ಲ ಕಾಗದ ತೂತು.
ದೀಪಕ್ಕೆ ಹಿಡಿದರೆ
೧೯೦೭ರಲ್ಲಿ ಸತ್ತವರೊಳಗಿಂದ ಬೆಳಕು ಬರುತ್ತದೆ.

ನಾನು ಇಪ್ಪತ್ತಾರು ವರ್ಷ
ಪೆನ್ಸಿಲ್ವೇನಿಯಾದ ಈ ಗುಡ್ಡಗಳಲ್ಲಿ ಶಾಲೆಯ ಬಸ್ಸು ಓಡಿಸಿದವಳು.
ತಿರುವು ಗೊತ್ತು, ಕಾಯುವುದೂ ಗೊತ್ತು.
ಹುಡುಕುತ್ತಿದ್ದದ್ದು ಅಜ್ಜಿಯ ಅಪ್ಪನನ್ನು,
ಕಾಜೀಸ್ ಗುದೈತಿಸ್,
ಲಿಥುವೇನಿಯಾದ ಹೊಲದಿಂದ ಹಡಗು ಹತ್ತಿ ಬಂದು
ನೇರ ಕಲ್ಲಿದ್ದಲಿನೊಳಗೆ ಇಳಿದವನು.

ಗುದೈತಿಸ್ ಇಲ್ಲ.
ಗಣಿಯ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ: ಗುಡೈಟಿಸ್, ಗೂಡಿಟಸ್.
ಪಾದ್ರಿ ಪೋಲೆಂಡಿನವನು, ಅವನ ಲೇಖನಿಯಲ್ಲಿ ಗುದೈಸ್ಕಿ.
ಒಂದು ಕಡೆ ಬರೀ ಗುಡ್.
ಹೆಂಗಸರನ್ನು ಹುಡುಕುವುದು ಇನ್ನೂ ಕಷ್ಟ,
ಅವರು ಗಂಡನ ಹೆಸರಿನೊಳಗೆ ಸತ್ತಿರುತ್ತಾರೆ,
ಮಿಸೆಸ್ ಆಂಟನಿ, ಮಿಸೆಸ್ ಪೀಟರ್.
ಹಸುಗೂಸುಗಳಿಗೆ ಅದೂ ಇಲ್ಲ.
'ಗುಡೈಟಿಸ್, ಮಗು' ಎಂದು ಮೂರು ಚೀಟಿ, ಒಂದರ ಹಿಂದೊಂದು.
ಕನ್ನಡಿಯಲ್ಲಿ ಹಿಂದಿನ ಸೀಟಿನ ತಲೆ ಎಣಿಸುವ ಚಾಳಿ ನನ್ನದು.
ಎಣಿಸಿದೆ. ಮುಂದೆ ಹೋದೆ.

ಕೊನೆಗೆ ಸಿಕ್ಕಿದ: ಗುಡೈಟ್ಸ್, ಚಾರ್ಲ್ಸ್.
೧೯೧೧, ನವೆಂಬರ್ ೯, ಪುಟ ಒಂದು, ಕಾಲಂ ಮೂರು.
ಮೈಕ್ರೋಫಿಲ್ಮಿನ ಹಿಡಿ ತಿರುಗಿಸಿದೆ, ದಿನಗಳು ಮಸುಕಾಗಿ ಓಡಿದವು.
ಆರನೇ ಸುರಂಗದಲ್ಲಿ ಬೆಂಕಿ. ಹನ್ನೊಂದು ಜನ.
ಏಳನೆಯದು ಅವನ ಹೆಸರು.
"ವಿದೇಶಿ. ಅವಿವಾಹಿತ."
ಮುಗಿಯಿತು ಅವನ ಚರಿತ್ರೆ.

ಆದರೆ ಓನಾ ಅಜ್ಜಿ ಹುಟ್ಟಿದ್ದು ೧೯೧೪ರಲ್ಲಿ.

ಆ ಮೂರು ವರ್ಷವನ್ನು ಮೂರು ವಾರ ಹೊತ್ತು ತಿರುಗಿದೆ,
ಯಾರಿಗೂ ಹೇಳದೆ, ತಂಗಿ ಲೊರೇನ್‌ಗೂ ಹೇಳದೆ.
ಗೋಡೆಯ ಚಿತ್ರದಲ್ಲಿ ಮುತ್ತಜ್ಜಿ ಮಾರ್ಸೆಲೆ
ತುಟಿ ಬಿಗಿದು ಕೂತಿದ್ದಳು.
ಅವಳ ಬೋರ್ಡಿಂಗ್ ಮನೆಯಲ್ಲಿ ಇನ್ನು ಯಾರ್‍ಯಾರಿದ್ದರೆಂದು
ಜನಗಣತಿಯ ಹಾಳೆ ಹಿಡಿದು ಬೆರಳು ಮಡಿಚುತ್ತಿದ್ದೆ ನಾನು,
ಅನ್ನ ಹಾಕಿದವಳ ಎದುರಿಗೇ.
ಈಗ ನಾಚಿಕೆಯಾಗುತ್ತದೆ.

ಬೇರೆ ಯಾರದೋ ಸಾವಿಗಾಗಿ ಸುರುಳಿ ತಿರುಗಿಸುವಾಗ
ನವೆಂಬರ್ ೧೬, ಪುಟ ಆರು,
ಆಲೂಗಡ್ಡೆಯ ದರಪಟ್ಟಿಯ ಕೆಳಗೆ ಇರುವೆಸಾಲಿನಂಥ ಅಚ್ಚು:
"ಕಳೆದ ಗುರುವಾರ ತೀರಿಕೊಂಡನೆಂದು ಪ್ರಕಟವಾದ
ಚಾ. ಗುಡೈಟ್ಸ್ ಜೀವಂತವಾಗಿದ್ದಾನೆ.
ಹಲ್ಲುನೋವಿನಿಂದ ಆ ದಿನ ಕೆಲಸಕ್ಕೆ ಹೋಗಿರಲಿಲ್ಲ.
ಅವನ ನಂಬರಿನ ಹಿತ್ತಾಳೆ ಬಿಲ್ಲೆ
ಇನ್ನೊಬ್ಬ ಕೂಲಿಯ ಬಳಿ ಇತ್ತು. ಆತನ ಹೆಸರು ತಿಳಿದಿಲ್ಲ."

ಮಿಸ್ ಬೆವನ್ ತಿದ್ದುಪಡಿಗಳಿಗೆ ಚೀಟಿ ಮಾಡಲಿಲ್ಲ.
ಬದುಕಿರುವುದು ಅವಳ ಇಲಾಖೆಯಲ್ಲ.

ನಕ್ಕುಬಿಟ್ಟೆ. ಬಾಯ್ಲರು ಗುರ್ ಎಂದಿತು.
ಒಂದು ಹುಳುಕು ಹಲ್ಲಿನಿಂದ ಇಳಿದು ಬಂದಿದ್ದೇವೆ
ಅಜ್ಜಿ, ಅಮ್ಮ, ನಾನು, ಲೊರೇನ್, ಅವಳ ನಾಲ್ಕು ಗಂಡುಮಕ್ಕಳು.
ನಗು ಮುಗಿಯುವ ಮೊದಲೇ
ಆ ಬಿಲ್ಲೆ ಕೊರಳಿಗೆ ಹಾಕಿಕೊಂಡವನು ನೆನಪಾದ.
ಒಂದು ದಿನದ ಕೂಲಿಗೆ ಹೆಸರನ್ನು ಸಾಲ ಪಡೆದವನು.
ಅವನ ಊರಿನಲ್ಲಿ ಯಾರೋ ಕಾಗದಕ್ಕೆ ಕಾದಿರಬೇಕು,
ಎಷ್ಟು ಚಳಿಗಾಲ ಎಂದು ಯಾವ ಪುಟದಲ್ಲೂ ಇಲ್ಲ.

ಮೇಲಿನ ಮಹಡಿಯ ಹುಡುಗನಿಂದ ಖಾಲಿ ಚೀಟಿ ಕೇಳಿ ತಂದೆ.
ಟೈಪ್‌ರೈಟರು ಇನ್ನೂ ಅಲ್ಲೇ, ಹೊದಿಕೆಯಡಿ.
ತಾರೀಖು ಹೊಡೆದೆ. ಪುಟ ಹೊಡೆದೆ. 'ಗುಡೈಟ್ಸ್ ನೋಡಿ' ಎಂದೂ ಹೊಡೆದೆ.
ಹೆಸರಿನ ಜಾಗದಲ್ಲಿ ಬಹಳ ಹೊತ್ತು ಕೂತು
ಸೊನ್ನೆಯನ್ನು ಒತ್ತಿದೆ, ಒಂದೇ ಸಲ.

ಯಾವ ಡ್ರಾಯರಿಗೆ ಹಾಕುವುದೆಂದು ತೋಚದೆ
ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದೇನೆ.

ರಾತ್ರಿ ಲೊರೇನ್‌ಗೆ ಫೋನು ಮಾಡಿದೆ.
ದವಡೆಯ ಹಲ್ಲು ಕೀಳಿಸಿಕೊಂಡು ಮಲಗಿದ್ದಳು,
"ಏನೇ, ಇಷ್ಟು ಹೊತ್ತಿನಲ್ಲಿ?" ಎಂದಳು ಹತ್ತಿ ಕಚ್ಚಿಕೊಂಡೇ.