ಪೈನ್ ಮರದ ತಗಾದೆ

ಹನ್ನೊಂದು ವರ್ಷ ನಾವು ಮಾತು ಬಿಟ್ಟಿದ್ದೆವು,
ನಾನು ಮತ್ತು ಪಕ್ಕದ ಮನೆಯ ಥ್ರಾಸಿವುಲೋಸ್,
ಒಂದು ಪೈನ್ ಮರದ ದೆಸೆಯಿಂದ.
ಬುಡ ನನ್ನ ಅಂಗಳದಲ್ಲಿ, ಕೊಂಬೆ ಅವನ ಹೆಂಚಿನ ಮೇಲೆ.
ಸೂಜಿಯೆಲೆ ಉದುರಿ ಸೂರಿನ ದೋಣಿ ಕಟ್ಟಿಕೊಳ್ಳುತ್ತದೆಂದು
ಪುರಸಭೆಗೆ ಅವನು ಬರೆದ ಅರ್ಜಿಗಳು ಏಳು.
ನಾನು ಕೊಟ್ಟ ಉತ್ತರ ಒಂದೇ:
ಮರ ನನ್ನ ಅತ್ತೆ ನೆಟ್ಟದ್ದು, ಅತ್ತೆಯನ್ನು ಕೇಳಿ.
ಅತ್ತೆ ತೀರಿಕೊಂಡು ಆಗಲೇ ಮೂವತ್ತು ವರ್ಷ.

ಅಥೆನ್ಸಿನ ಬಸ್ಸು ಕೊನೆಗೆ ತಿರುಗಿಕೊಳ್ಳುವ ಜಾಗ ನಮ್ಮದು.
ಇಲ್ಲಿಗೆ ಊರು ಮುಗಿಯುತ್ತದೆ, ಬೆಟ್ಟ ಶುರುವಾಗುತ್ತದೆ,
ಎಲ್ಲಿ ಎಂದು ಯಾರೂ ಗೆರೆ ಎಳೆದಿಲ್ಲ.
ಆಗಸ್ಟಿನಲ್ಲಿ ಬಡಗಣ ಗಾಳಿ, ಮೆಲ್ತೇಮಿ,
ಬಾಗಿಲುಗಳನ್ನು ತಾನೇ ತೆಗೆದು ತಾನೇ ಹಾಕುತ್ತದೆ.
ಅದಕ್ಕೆ ನಾವು ಒಗ್ಗಿದವರು.

ಮೊದಲು ಬಂದದ್ದು ವಾಸನೆ. ಆಮೇಲೆ ಬಣ್ಣ:
ಮಧ್ಯಾಹ್ನ ಮೂರಕ್ಕೆ ಅಡುಗೆಮನೆಯ ಗೋಡೆ
ಏಪ್ರಿಕಾಟ್ ಹಣ್ಣಿನ ಒಳಮೈಯಾಯಿತು.
ಚೆಂದವಿತ್ತು. ಹೇಳಬಾರದು, ಆದರೆ ಚೆಂದವಿತ್ತು.
ಒಗೆದು ಹರವಿದ ಚಾದರಗಳ ಮೇಲೆ ಬೂದಿ ಇಳಿಯಿತು,
ಕಾಗದದ ಚೂರೊಂದೂ ಬಿತ್ತು, ಅಂಚು ಸುಟ್ಟದ್ದು:
ಯಾರದೋ ಕರೆಂಟು ಬಿಲ್ಲು, ಹಣ ಕಟ್ಟಿಯಾದದ್ದು.

ಆಗ ಓಣಿಯ ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು.
ಬಿಡಿ, ಹೊರಡಿ, ದಕ್ಷಿಣಕ್ಕೆ.
ನಾನು ಕೈಗೆ ಎತ್ತಿಕೊಂಡದ್ದು
ಬಿಪಿ ಮಾತ್ರೆ, ಬೆಕ್ಕು,
ಮತ್ತು, ಯಾಕೋ ದೇವರೇ ಬಲ್ಲ, ಅರ್ಧ ಕಲ್ಲಂಗಡಿ.

ಪೈನಿನ ಕಾಯಿಗಳು ಚಟಾರನೆ ಸಿಡಿದು
ಹೊತ್ತಿಕೊಂಡೇ ರಸ್ತೆ ದಾಟುತ್ತಿದ್ದವು,
ಯಾರೋ ಬೇಕೆಂದೇ ಕವಣೆಯಿಂದ ಬೀಸಿದ ಹಾಗೆ.
ತಿರುಗಿ ನೋಡಿದರೆ ಥ್ರಾಸಿವುಲೋಸ್
ಬನಿಯನ್ನಿನಲ್ಲಿ, ತಲೆಗೆ ಒದ್ದೆ ಟವಲು ಸುತ್ತಿ,
ತೋಟದ ಪೈಪು ಹಿಡಿದು ನಿಂತಿದ್ದ,
ತನ್ನ ಮಾಡನ್ನು ಬಿಟ್ಟು
ನನ್ನ ಮರಕ್ಕೆ ನೀರು ಹೊಯ್ಯುತ್ತ.
ಅದು ಹತ್ತಿಕೊಂಡರೆ ತನ್ನದೂ ಹೋಯಿತು
ಎಂಬ ಲೆಕ್ಕವೇ ಇರಬಹುದು. ನಾನು ಕೇಳಿಲ್ಲ.
ನೀರಿನ ಎಳೆ ನೋಡನೋಡುತ್ತ ಸಣ್ಣಗಾಗಿ
ಮುದುಕನ ಉಚ್ಚೆಯಷ್ಟಾಗಿ
ನಿಂತಿತು.

ಪೊಲೀಸಿನ ಹುಡುಗಿಯೊಬ್ಬಳು ರಟ್ಟೆ ಹಿಡಿದು ಎಳೆತಂದು
ಅವನನ್ನು ನನ್ನ ಕಾರಿನಲ್ಲೇ ತುರುಕಿದಳು.
ಒಂಬತ್ತು ಕಿಲೋಮೀಟರು. ಬೆಕ್ಕು ಅಳುತ್ತಿತ್ತು. ನಾವು ಮಾತಾಡಲಿಲ್ಲ.
ಕಲ್ಲಂಗಡಿ ಅವನ ತೊಡೆಯ ಮೇಲಿತ್ತು.

ಕ್ರೀಡಾಂಗಣದ ನೆಲದಲ್ಲಿ ಎರಡು ರಾತ್ರಿ.
ನೀರಿನ ಬಾಟಲಿ ಹಂಚುವ ಹುಡುಗ
ಗಂಡ ಹೆಂಡತಿ ಎಂದು ತಿಳಿದು ಒಂದೇ ಹೊದಿಕೆ ಕೊಟ್ಟ.
ಇಬ್ಬರೂ ತಿದ್ದಲಿಲ್ಲ. ಹೊದಿಕೆ ಬೆಕ್ಕಿಗಾಯಿತು.
ಮೂರನೆಯ ದಿನ ಹೆಲಿಕಾಪ್ಟರುಗಳು ಸಾಲಾಗಿ ಬಂದವು,
ಮನೆ ಉರಿದ ಮೇಲೆ ಬಾವಿ ತೋಡುವವರ ಶ್ರದ್ಧೆಯಲ್ಲಿ.

ನನ್ನ ಮನೆ ಇತ್ತು.
ಚಾದರಗಳು ತಂತಿಯ ಮೇಲೇ ಇದ್ದವು.
ಮರ ನಿಂತಿತ್ತು, ಅವನ ಕಡೆಯ ಅರ್ಧ ಕರಿಕು,
ನನ್ನ ಕಡೆಯ ಅರ್ಧ ನಾಚಿಕೆಯಿಲ್ಲದ ಹಸಿರು.
ಅವನ ಮನೆಯ ಜಾಗದಲ್ಲಿ ನಾಲ್ಕು ಮೆಟ್ಟಿಲು,
ಆಮೇಲೆ ಆಕಾಶ.

ಎಂಟನೆಯ ಅರ್ಜಿ ನಾನೇ ಬರೆದೆ. ಮರ ಕಡಿಯಿರಿ.
ಕಿಟಕಿ ತೆಗೆದಾಗಲೆಲ್ಲ ಆ ಹಸಿರು ಅರ್ಧ
ನನ್ನನ್ನು ಸಾಕ್ಷಿಗೆ ಕರೆಯುತ್ತಿತ್ತು.

ಗರಗಸದವರು ಬಂದ ಬೆಳಿಗ್ಗೆ ಅವನು ಬುಡದಲ್ಲಿ
ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದ,
ಯಾರೋ ದಾನ ಕೊಟ್ಟ ದೊಗಳೆ ಅಂಗಿಯಲ್ಲಿ.
ಬೇಡ, ಅಂದ. ಹನ್ನೊಂದು ವರ್ಷದ ಮೇಲೆ ಮೊದಲ ಮಾತು.
ಉದುರಿದರೆ ಉದುರಲಿ ಸ್ತಮಾತಿಯಾ,
ಕಟ್ಟಿಕೊಳ್ಳಲು ದೋಣಿ ಎಲ್ಲಿದೆ ಈಗ?

ಗರಗಸದವರು ಕಾಫಿ ಕುಡಿದು ಹೋದರು.
ಇನ್ನೊಂದು ಕುರ್ಚಿ ತರಲು ನಾನು ಒಳಗೆ ಹೋದೆ.
ತರಲು, ಯಾಕೋ, ಬಹಳ ಹೊತ್ತಾಯಿತು.