ತೊಂಬತ್ತಾರು ಗುಳಿ

ಅಳಗುಳಿಮಣೆಯ ಮರಿಯಂಥ ತಟ್ಟೆ, ಅಂಗೈಯಗಲ;
ಗುಳಿಗೆ ಹರಳಲ್ಲ, ಹನಿ.
ಕುನ್‌ಮಿಂಗಿನ ನಾಲ್ಕನೇ ಮಹಡಿಯಲ್ಲಿ, ರಾತ್ರಿ ಹನ್ನೊಂದಕ್ಕೆ,
ಚ್ಯೂ ರೂಹುವಾ ಉಸಿರು ಬಿಗಿಹಿಡಿದು ಕೂತಿದ್ದಾಳೆ,
ತನ್ನುಸಿರು ತಾಗಿ ಯಾರದೋ ಶ್ವಾಸಕೋಶ ಕೆಡದ ಹಾಗೆ.

ಯಾರದೋ. ಹೆಸರಿಲ್ಲ, ಒಂದು ಸಂಖ್ಯೆ.
ಮನುಷ್ಯ ಮಣ್ಣಾಗಿ ಎಷ್ಟು ಕಾಲವಾಯಿತೋ,
ಅವನ ಗೆಡ್ಡೆಗೆ ಮಾತ್ರ ಸುದ್ದಿ ಮುಟ್ಟಿಲ್ಲ.
ಗುಲಾಬಿ ಗಂಜಿ ಕುಡಿದು
ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ
ಭಾನುವಾರವೂ ರಜೆ ಬೇಡದ ಬದುಕು.

ಅದಕ್ಕೀಗ ಬೇರಿನ ಸಾರ.
ಹುವಾಂಗ್‌ಚಿನ್: ಹೊರಗೆ ಒಣಕಲು ಕಡ್ಡಿ, ಮುರಿದರೆ ಅರಿಶಿನ.
ಅಜ್ಜಿಯರು ಕೆಮ್ಮಿಗೆಂದು ಕುದಿಸಿದ್ದರಲ್ಲಿ
ಒಂದೇ ಒಂದು ಅಣುವನ್ನು ಸೋಸಿ, ತೂಗಿ,
ಒಂದು ಸಾಲಿಗೆ ಇಷ್ಟು, ಮುಂದಿನದಕ್ಕೆ ಇಮ್ಮಡಿ.
ಮೊದಲ ಸಾಲಿಗೆ ಏನೂ ಇಲ್ಲ. ಅದು ಸಾಕ್ಷಿ.

ಮೂರನೆಯ ರಾತ್ರಿ ಹಳದಿ ಬಣ್ಣ ಹಾಕಿ ಕಾಯಬೇಕು.
ಜೀವವಿದ್ದರೆ ಅದನ್ನು ಕುಡಿದು ನೇರಳೆ ಮಾಡುತ್ತದೆ;
ಸತ್ತದ್ದು ಹಳದಿಯನ್ನು ಹಳದಿಯಾಗಿಯೇ ಬಿಡುತ್ತದೆ.
ನಾಲ್ಕು ಗಂಟೆ.

ಷುವಾನ್‌ವೇಯಲ್ಲಿ ಅಮ್ಮನಿಗೂ ಎಚ್ಚರವೇ ಈ ಹೊತ್ತಿಗೆ,
ಮಲಗಿದರೆ ಕೆಮ್ಮು, ಕೂತೇ ನಿದ್ದೆ.
ಒಂದು ದಿನವೂ ಸಿಗರೇಟು ಮುಟ್ಟಿದವಳಲ್ಲ.
ಕಿಟಕಿಯಿಲ್ಲದ ಅಡುಗೆಮನೆ, ನೆಲದ ಗುಂಡಿಯಲ್ಲಿ ಕಲ್ಲಿದ್ದಲು,
ಮೇಲೆ ತೂಗುವ ಹಂದಿಯ ತೊಡೆ;
ನಲವತ್ತು ವರ್ಷ ಒಂದೇ ಹೊಗೆ
ಮಾಂಸಕ್ಕೂ ಹತ್ತಿತು, ಅವಳಿಗೂ ಹತ್ತಿತು.

ಮೂರು ಗಂಟೆ. ಸಾಕ್ಷಿಯ ಸಾಲು ಕಡುನೇರಳೆ.
ಆಮೇಲಿನದು ತಿಳಿ, ಇನ್ನೂ ತಿಳಿ,
ಕೊನೆಯದು ಅಪ್ಪಟ ಹಳದಿ.
ಬಾಯಿಗೆ ಬಂದ ಕೂಗನ್ನು ನುಂಗಿದಳು.
ಪಕ್ಕದ ತಟ್ಟೆ ನೋಡಿಲ್ಲ ಇನ್ನೂ,
ರೋಗವಿಲ್ಲದ ಕೋಶಗಳದ್ದು.
ಅದರ ಕೊನೆಯ ಸಾಲೂ ಹಳದಿ.

ನಡುವಿನ ಎರಡು ಸಾಲಲ್ಲಿ ಮಾತ್ರ
ಗೆಡ್ಡೆ ಬಾಡಿದೆ, ಒಳ್ಳೆಯದು ಉಳಿದಿದೆ.
ಇಷ್ಟೇ ಸಂದು.

ಬೆಳಿಗ್ಗೆ ಫೋನು. "ನಿನ್ನ ಆ ಬೇರು ಸಂತೆಯಲ್ಲೇ ಇದೆಯಲ್ಲೇ,
ಕುದಿಸಿ ಕುಡಿಯಲೇನು?"

ತಟ್ಟೆಗೆ ಹೊಟ್ಟೆಯಿಲ್ಲ, ರಕ್ತವಿಲ್ಲ,
ಬ್ಲೀಚು ಸುರಿದರೂ ಸಾಯುತ್ತವೆ ಇವು,
ಗುಳಿಯಿಂದ ಎದೆಗೆ ದಾರಿ ಬಲು ದೂರ, ಅಮ್ಮ,
ಎನ್ನಬೇಕಿತ್ತು.
ಅಂದದ್ದು: "ಕಹಿ. ಡಾಕ್ಟರನ್ನು ಕೇಳದೆ ಬೇಡ. ಗುಳಿಗೆ ಬಿಡಬೇಡ."
ಅತ್ತ ಕೆಮ್ಮು, ತಡೆದು ಒಂದು ನಗು:
"ಕಹಿಗೆ ನಾನೇನು ಹೊಸಬಳೇ?"

ಹೊಸ ತಟ್ಟೆ ತೆಗೆದು ತಾರೀಕು ಬರೆದಳು.
ಆ ಎರಡು ಸಾಲುಗಳ ನಡುವಿನ ಅಳತೆಗಳನ್ನೇ
ಹತ್ತು ಪಾಲಾಗಿ ಸೀಳಬೇಕು ಇವತ್ತು.
ಮೊದಲ ಸಾಲು: ಏನೂ ಇಲ್ಲ.